ಮೂಗಕ್ಕ ಕೇಳಿದ ಒಂದು ಸಾಲು

ಬಹುಮಾನದ ದುಡ್ಡು ಮುಂದೆ ಇಟ್ಟು ಹೆಬ್ಬೆಟ್ಟು ಒತ್ತು ಅಂದಾಗ, ಮೊದಲು ಒಂದು ಸಾಲು ಬರೆಯಿರಿ, ಆಮೇಲೆ ಒತ್ತುತ್ತೇನೆ ಅಂದವರು ಮೂಗಮ್ಮ. ಅದಕ್ಕೇ ಅವರ ವಿಷಯ ಬರೆಯುತ್ತಿದ್ದೇನೆ. ನನ್ನ ಹೆಸರು ಮಹಾಲಿಂಗ. ಹಂಗಳದಿಂದ ಗುಂಡ್ಲುಪೇಟೆ ಮೇಲೆ ಚಾಮರಾಜನಗರಕ್ಕೆ ಓಡುವ ಒಂದು ಪ್ರೈವೇಟ್ ಬಸ್ಸಿನ ಕಂಡಕ್ಟರು. ಓದಿದ್ದು ಏಳನೇ ಕ್ಲಾಸು. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಬರೆಯುತ್ತೇನೆ.

ಮೂಗಮ್ಮ ಉಮ್ಮತ್ತೂರಿನವರು. ಗಂಡ ತೀರಿಕೊಂಡ ಮೇಲೆ ಮಗಳು ಭಾನುವನ್ನು ಕರೆದುಕೊಂಡು ಚಾಮರಾಜನಗರಕ್ಕೆ ಬಂದರು. ಬಸ್ ಸ್ಟ್ಯಾಂಡ್ ಗುಡಿಸುವ ಕೆಲಸ, ಕಂಟ್ರಾಕ್ಟರ ಕೈಕೆಳಗೆ ದಿನಗೂಲಿ. ಜನ ಬಸ್ಸಿನಲ್ಲಿ ಮರೆತ ಛತ್ರಿ, ಟಿಫನ್ ಕ್ಯಾರಿಯರ್, ಒಂದು ಸಲ ಅರಿಶಿನ ಮಾರಿದ ದುಡ್ಡಿನ ಚೀಲ ಅವರ ಕೈಗೆ ಸಿಕ್ಕಿತ್ತು. ಎಲ್ಲವೂ ಯಾರದೋ ಅವರಿಗೇ ತಲುಪಿತು. ನಾವೆಲ್ಲ ಅವರನ್ನು ಮೂಗಕ್ಕ ಅನ್ನುತ್ತೇವೆ.

ಇದು ತೊಂಬತ್ತಾರನೇ ಇಸವಿಯ ಮಾತು. ಚಾಮರಾಜನಗರ ಆಗಿನ್ನೂ ಜಿಲ್ಲೆ ಆಗಿರಲಿಲ್ಲ. ಒಂದು ದಿನ ಗುಂಡ್ಲುಪೇಟೆಯಲ್ಲಿ ಒಬ್ಬ ಅಜ್ಜಿ ನಮ್ಮ ಬಸ್ಸು ಹತ್ತಿದ್ದರು. ಬಿಳಿ ಸೀರೆ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ತೆರಕಣಾಂಬಿ ದಾಟಿದ ಮೇಲೆ ಟಿಕೆಟ್ ಕೇಳಿದೆ. ಸೆರಗಿನ ಗಂಟು ಬಿಚ್ಚಿದರು. ಒಳಗೆ ಎರಡು ಅಡಿಕೆ ಚೂರು.

"ಏನಜ್ಜಿ, ಕಾಸೂ ಇಲ್ಲ, ಕಿವೀನೂ ಬೋಳು! ಒಂದ್ ಓಲೆನಾರ ಇದ್ದಿದ್ರೆ ಅಡ ಇಸ್ಕತಿದ್ನಲ್ಲ!" ಅಂದೆ.

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರ್ ಸೋಮಯ್ಯನೂ ನಕ್ಕ. ಕಾಸು ಎಲ್ಲಿ ಅಂತ ಕೇಳಿದೆ. ಎಲ್ಲಿಗೆ ಹೋಗಬೇಕು ಅಂತ ಕೇಳಲಿಲ್ಲ. ಚಾಮರಾಜನಗರದಲ್ಲಿ ಇಳಿಸಿ ಟೀ ಕುಡಿಯಲು ಹೋದೆ.

ಸಂಜೆಯವರೆಗೂ ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿಯನ್ನು ಮೂಗಕ್ಕ ಮನೆಗೆ ಕರೆದುಕೊಂಡು ಹೋದರು. ಪೊಲೀಸ್ ಸ್ಟೇಷನ್ನಿಗೂ ಹೋಗಿ ಹೇಳಿ ಬರೆಸಿದರು. ಅಜ್ಜಿಗೆ ನೆನಪು ಸರಿಯಿರಲಿಲ್ಲ. ತಮ್ಮ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಲಿಂಗ ಕಟ್ಟಿದವರು ತಮ್ಮ ಮನೆಯ ಅಡುಗೆ ಉಣ್ಣುತ್ತಾರೋ ಇಲ್ಲವೋ ಅಂತ ಮೂಗಕ್ಕ ಮೊದಲ ದಿನ ಹೋಟೆಲಿನ ಇಡ್ಲಿ ತಂದುಕೊಟ್ಟರು. ಮಾರನೇ ದಿನ ಅಜ್ಜಿಯೇ ಮುದ್ದೆ ಕೇಳಿ ಉಂಡರು.

ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು. "ಅಂಗಳಕ್ಕ ಓಗ್ಬೇಕು ಕಣವ್ವ."

ಪ್ರತಿ ಸಲವೂ ಮೂಗಕ್ಕ ಕೈ ಹಿಡಿದು ಮನೆ ಮುಂದಿನ ಅಂಗಳಕ್ಕೆ ಕರೆದುಕೊಂಡು ಹೋಗುವರು. ಅಜ್ಜಿ ಸುತ್ತ ನೋಡಿ, "ಇದಲ್ಲ ಕಣವ್ವ," ಅನ್ನುವರು.

"ಇರದು ಇದೊಂದೇ ಅಂಗಳ ಕಣಜ್ಜಿ, ನಮ್ದೇನು ತೊಟ್ಟಿಮನೆಯಾ?" ಅಂತ ಭಾನು ನಗುವಳು.

ಒಂಬತ್ತನೇ ದಿನ ಭಾನು ಮನೆಯಲ್ಲಿರಲಿಲ್ಲ. ಅಜ್ಜಿಯನ್ನು ಒಂಟಿಯಾಗಿ ಬಿಡಲಾಗದೆ ಮೂಗಕ್ಕ ಸ್ಟ್ಯಾಂಡಿಗೇ ಕರೆತಂದು ಕೂರಿಸಿದ್ದರು. ಅಲ್ಲಿ ನಾನು ಸಾಮಾನ್ಯವಾಗಿ ಗುಂಡ್ಲುಪೇಟೆ ಅಂತಷ್ಟೇ ಕೂಗುವುದು. ಅವತ್ತು ಬಸ್ಸು ಖಾಲಿ ಇತ್ತು, ಅದಕ್ಕೆ ದಾರಿಯ ಊರೆಲ್ಲ ಕೂಗಿದೆ.

"ತೆರಕಣಾಂಬಿ, ಗುಂಡ್ಲುಪೇಟೆ, ಅಂಗಳಾ! ಅಂಗಳಾ!" ಅಂದೆ.

ಅಜ್ಜಿ ಎದ್ದು ನಿಂತರು. ಮೂಗಕ್ಕನ ಕೈಯಿಂದ ಪೊರಕೆ ಬಿತ್ತು.

"ಲೋ ಮಾಲಿಂಗ, ಅಂಗಳ ಅಂತ ಒಂದ್ ಊರು ಅದಾ?"

"ಊರಿಲ್ದೆ ಬಸ್ಸು ನಿಮ್ಮನೆ ಅಂಗಳಕ್ಕ ಓಯ್ತದಾ?"

ಹಂಗಳ ಗುಂಡ್ಲುಪೇಟೆಯಿಂದ ಆಚೆ ಇರುವ ಊರು. ನಮ್ಮ ಜನರ ಬಾಯಲ್ಲಿ ಅದು ಅಂಗಳ. ಉಮ್ಮತ್ತೂರು, ಚಾಮರಾಜನಗರ ಬಿಟ್ಟು ಬೇರೆ ಕಾಣದ ಮೂಗಕ್ಕನಿಗೆ ಗೊತ್ತಿರಲಿಲ್ಲ. ಅಜ್ಜಿ ಅವತ್ತು ಹಂಗಳಕ್ಕೆ ಅಂತ ನಮ್ಮ ಬಸ್ಸು ಹತ್ತಿದ್ದರು, ಬಸ್ಸು ಹೊರಟಿದ್ದು ಚಾಮರಾಜನಗರದ ಕಡೆಗೆ. ನನಗೆ ಆಗ ತಿಳಿಯಿತು.

ಇಬ್ಬರನ್ನೂ ಹತ್ತಿಸಿಕೊಂಡು ಹೋದೆ. ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಮರಿಮಲ್ಲಪ್ಪನ ಟೀ ಹೋಟೆಲಿದೆ. ಗೋಡೆಯ ಮೇಲೆ ಅಜ್ಜಿಯ ಫೋಟೋ ಇತ್ತು. 'ಕಾಣೆಯಾಗಿದ್ದಾರೆ. ದೊಡ್ಡಮಲ್ಲಮ್ಮ, ಬೇಗೂರು. ಸುಳಿವು ಕೊಟ್ಟವರಿಗೆ ಐದು ಸಾವಿರ ರೂಪಾಯಿ ಬಹುಮಾನ.' ಮರಿಮಲ್ಲಪ್ಪ ಎಸ್‌ಟಿಡಿ ಬೂತಿಗೆ ಓಡಿದ. ಗಂಟೆಯೊಳಗೆ ಬೇಗೂರಿನಿಂದ ಮಗ ಶಾಂತಮಲ್ಲಪ್ಪ, ಸೊಸೆ ನಾಗರತ್ನ ವ್ಯಾನಿನಲ್ಲಿ ಬಂದರು. ಅಜ್ಜಿ ತವರೂರು ಹಂಗಳಕ್ಕೆ ಅಂತ ಯಾರಿಗೂ ಹೇಳದೆ ಹೊರಟಿದ್ದರಂತೆ. ಹಂಗಳ, ನಂಜನಗೂಡು, ಮೈಸೂರು ಎಲ್ಲ ಹುಡುಕಿದ್ದರು. ಚಾಮರಾಜನಗರದ ಕಡೆ ಬಂದಿರಲಿಲ್ಲ, ಅಲ್ಲಿಯ ಸ್ಟೇಷನ್ನಿನಲ್ಲಿ ಬರೆಸಿದ್ದೂ ಇವರಿಗೆ ತಲುಪಿರಲಿಲ್ಲ.

ಶಾಂತಮಲ್ಲಪ್ಪ ತಾಯಿಯ ಕಾಲು ಹಿಡಿದುಕೊಂಡು ಅತ್ತರು. ನಾಗರತ್ನ ಅತ್ತೆಯ ಕಿವಿ ನೋಡಿದರು. ಫೋಟೋದಲ್ಲಿ ಕೆಂಪು ಹರಳಿನ ಓಲೆ ಇತ್ತು.

"ಅತ್ತೆ, ನಿಮ್ ಓಲೆ ಎಲ್ಲಿ?"

ಎಲ್ಲರೂ ಮೂಗಕ್ಕನ ಕಡೆ ತಿರುಗಿದರು.

"ನಾ ಕಂಡಾಗ್ಲೇ ಇರ್ನಿಲ್ಲ ಬುದ್ದಿ," ಅಂದರು ಮೂಗಕ್ಕ. "ಕದ್ಯವ್ಳಾಗಿದ್ರ ಬೆಳ್ಳಿ ಕರಡಿಗೆ ಬುಡ್ತಿದ್ನಾ?"

"ಲಿಂಗ ಮುಟ್ಟಕ್ಕ ಎದ್ರಿಕಂಡಿದ್ದೀಯ, ಓಲೆಗೇನು ಎದ್ರಿಕೆ?" ಅಂದ ಮರಿಮಲ್ಲಪ್ಪ. "ಬೈಮಾನ ಏರ್ಲಿ ಅಂತ ಒಂಬತ್ತ್ ದಿನ ಬಚ್ಚಿಟ್ಕಂಡಿದ್ಲು, ಕಾಣಕಿಲ್ವಾ?"

ನಾನು ಅಲ್ಲೇ ನಿಂತಿದ್ದೆ. ಬೋಳು ಕಿವಿಯನ್ನು ಮೊದಲೇ ನೋಡಿ ನಗಾಡಿದವನು ನಾನು. ಹೇಳಲಿಲ್ಲ. ಹೇಳಿದರೆ ಅಜ್ಜಿಯನ್ನು ಹೇಗೆ ಇಳಿಸಿದೆ ಅನ್ನುವುದೂ ಹೊರಗೆ ಬರುತ್ತಿತ್ತು. ಬಹುಮಾನದಲ್ಲಿ ನನಗೂ ಪಾಲು ಬೇಕಿತ್ತು.

"ಫೋನ್ ಮಾಡ್ದವ್ನು ನಾನು," ಅಂತ ಮರಿಮಲ್ಲಪ್ಪ.

"ಕರ್ಕಂಬಂದವ್ನು ನಾನು. ಅವತ್ತು ಮೂಗಕ್ಕನ ಕೈಗ ಜ್ವಾಪಾನವಾಗಿ ಒಪ್ಸಿದವ್ನೂ ನಾನೇಯ," ಅಂದೆ. ಅದು ಸುಳ್ಳು.

ಮೂಗಕ್ಕ ನನ್ನ ಮುಖ ನೋಡಿದರು. ಅಜ್ಜಿಯ ಸೆರಗು ಸರಿಮಾಡಿ ಪಕ್ಕಕ್ಕೆ ಸರಿದರು.

ಜಗಳ ಹನ್ನೊಂದು ದಿನ ನಡೆಯಿತು. ಮರಿಮಲ್ಲಪ್ಪ ಸಿಕ್ಕವರಿಗೆಲ್ಲ ಅವನ ಕಥೆ ಹೇಳುತ್ತಿದ್ದ, ನಾನು ನನ್ನದು. ಮಾತು ಚಾಮರಾಜನಗರಕ್ಕೂ ಹೋಯಿತು. ಕಂಟ್ರಾಕ್ಟರ ಮೇಸ್ತ್ರಿ ಮೂಗಕ್ಕನನ್ನು ಕರೆದು, "ಈ ತಿಂಗ್ಳೊಳಗ ಕಳ್ಳತನದ್ ಮಾತು ತೀರಿಸ್ಕೊ, ಇಲ್ದಿದ್ರ ಬೇರೆಯವ್ರ ಇಟ್ಕತೀನಿ," ಅಂದುಬಿಟ್ಟ.

ಆಮೇಲೆ ಮೂಗಕ್ಕ ಯಾರ ಚೀಲದ ಹತ್ತಿರವೂ ಗುಡಿಸುತ್ತಿರಲಿಲ್ಲ. ನೆಲದ ಮೇಲೆ ಕರವಸ್ತ್ರ ಬಿದ್ದಿದ್ದರೂ ಮುಟ್ಟದೆ, ಯಾರಾದರೂ ಬಂದು ಎತ್ತಿಕೊಳ್ಳಿ ಅಂತ ಕೂಗುವರು. ನಮ್ಮ ಬಸ್ಸು ನಿಂತ ತಕ್ಷಣ ಕಿಟಕಿ ಹತ್ತಿರ ಬರುವರು.

"ಬೇಗೂರಿಂದ ಏನಾರ ಸುದ್ದಿ ಬಂತಾ ಮಾಲಿಂಗ? ಓಲೆ ಸಿಕ್ತಂತಾ?"

"ಇಲ್ಲ ಕಣಕ್ಕ," ಅಂತ ಚಿಲ್ಲರೆ ಎಣಿಸುತ್ತಾ ಕೂರುತ್ತಿದ್ದೆ.

ಕೊನೆಗೆ ಶಾಂತಮಲ್ಲಪ್ಪ ಮೂವರನ್ನೂ ಬೇಗೂರಿಗೆ ಕರೆಸಿದರು. ಪೊಲೀಸ್ ಸ್ಟೇಷನ್ನಿನಿಂದ ದಫೇದಾರರೂ ಬಂದಿದ್ದರು. ಬಹುಮಾನ ಮೂರು ಪಾಲು, ಮೂವರೂ ಒಂದೇ ಕಾಗದಕ್ಕೆ ಒಪ್ಪಿ ಸಹಿ ಹಾಕಬೇಕು, ಒಬ್ಬರು ಹಾಕದಿದ್ದರೂ ಯಾರಿಗೂ ಇಲ್ಲ ಅಂತ ಮಾತಾಯಿತು. ಮರಿಮಲ್ಲಪ್ಪ ಹಾಕಿದ. ನಾನೂ ಹಾಕಿದೆ. ಮೂಗಕ್ಕ ಕೈ ಮಡಚಿಕೊಂಡು ನಿಂತರು.

"ಓಲೆ ಮೂಗಮ್ಮ ತಕ್ಕಂಡಿಲ್ಲ ಅಂತ ಒಂದ್ ಸಾಲು ಬರ್ಸಿ ಬುದ್ದಿ. ಆಮೇಕ ಒತ್ತೀನಿ. ದುಡ್ಡು ಕೊಡದಿದ್ರೂ ಒತ್ತೀನಿ."

"ನಾನು ನೋಡದ್ದನ್ನ ಎಂಗಮ್ಮ ಬರೀಲಿ?" ಅಂದರು ಶಾಂತಮಲ್ಲಪ್ಪ.

"ಒತ್ತು ಬುಡು ಮೂಗಮ್ಮ, ನಮ್ ಪಾಲ್ಗೂ ಕಲ್ಲಾಕ್ಬ್ಯಾಡ," ಅಂತ ಮರಿಮಲ್ಲಪ್ಪ ರೇಗಿದ.

ಮೂಗಕ್ಕ ಕೈ ಮುಂದೆ ಚಾಚಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಅವರ ಕಡೆಗೆ ಕೈ ನೀಡಿ, "ಅಂಗಳಕ್ಕ ಓಗನ ಬಾರವ್ವ," ಅಂದರು.

ನನಗೆ ಆಗ ತಡೆಯಲಾಗಲಿಲ್ಲ.

"ಬುದ್ದಿ, ಓಲೆ ಬಸ್ಸಲ್ಲೇ ಇರ್ನಿಲ್ಲ," ಅಂದೆ. ನಗಾಡಿದ್ದು, ಇಳಿಸಿದ್ದು, ಯಾರ ಕೈಗೂ ಒಪ್ಪಿಸದೆ ಹೋದದ್ದು ಎಲ್ಲ ಹೇಳಿದೆ. ಬೇಕಿದ್ದರೆ ಸೋಮಯ್ಯನನ್ನು ಕೇಳಿ ಅಂದೆ.

"ಇಷ್ಟ್ ದಿನ ಬಾಯಲ್ಲಿ ಕಡುಬು ಇಟ್ಕಂಡಿದ್ಯಾ?" ಅಂದರು ದಫೇದಾರರು.

ಶಾಂತಮಲ್ಲಪ್ಪ ನನ್ನ ಕಡೆ ತಿರುಗಿದರು. "ಪಾಲು ಕಳ್ಕಂಡು ಸುಳ್ಳು ಏಳಕಿಲ್ಲ ಇವ್ನು," ಅಂತ ಆ ಕಾಗದ ಹರಿದು ಬೇರೆ ಬರೆಸಿದರು. ನನ್ನ ಹೆಸರು ಅದರಲ್ಲಿ ಇರಲಿಲ್ಲ. 'ನಮ್ಮ ತಾಯಿಯವರ ಓಲೆಗಳು ಮೂಗಮ್ಮನವರ ಮನೆಗೆ ಹೋಗುವ ಮೊದಲೇ ಕಿವಿಯಲ್ಲಿ ಇರಲಿಲ್ಲ' ಅನ್ನುವ ಸಾಲು ಇತ್ತು. ಮೂಗಕ್ಕ ಅದನ್ನು ನನ್ನ ಕೈಯಲ್ಲೇ ಎರಡು ಸಲ ಓದಿಸಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು. ಮೇಸ್ತ್ರಿಗೆ ತೋರಿಸಲು ಇನ್ನೊಂದು ಪ್ರತಿ ಕೇಳಿ ಬರೆಸಿಕೊಂಡರು. ದುಡ್ಡಿನ ಕವರು ಜಗಲಿ ಮೇಲೆಯೇ ಮರೆತಿದ್ದರು. ನಾಗರತ್ನ ಬಾಗಿಲವರೆಗೆ ಬಂದು ಕೈಗೆ ಕೊಟ್ಟರು.

ಗುಂಡ್ಲುಪೇಟೆಯಿಂದ ಮೂಗಕ್ಕ ನಮ್ಮ ಬಸ್ಸಿನಲ್ಲೇ ವಾಪಸ್ಸು ಹೊರಟರು. ಟಿಕೆಟ್ ಬೇಡ ಅಂದೆ. ಕಾಸು ನನ್ನ ಕೈಗೆ ತುರುಕಿ ಟಿಕೆಟ್ ಇಸಿದುಕೊಂಡರು.

"ಹನ್ನೊಂದ್ ದಿನ ನಾ ಕಿಟಕಿ ತಾವ ಬಂದ್ ಕೇಳ್ದೆ," ಅಂದರು. "ಅವತ್ತೇ ಯಾಕ್ಲಾ ಏಳ್ನಿಲ್ಲ?"

ಮುಂದಿನ ಸೀಟಿನವರಿಗೆ ಟಿಕೆಟ್ ಹರಿಯಲು ಹೋದೆ.

ಓಲೆ ಇವತ್ತಿನವರೆಗೂ ಸಿಕ್ಕಿಲ್ಲ. ಮೂಗಕ್ಕ ಅದೇ ಸ್ಟ್ಯಾಂಡ್ ಗುಡಿಸುತ್ತಿದ್ದಾರೆ. ನೀವು ಚಾಮರಾಜನಗರಕ್ಕೆ ಬಂದರೆ ಬೆಳಗಿನ ಹೊತ್ತು ಗುಂಡ್ಲುಪೇಟೆ ಬಸ್ಸು ನಿಲ್ಲುವ ಕಡೆ ನೋಡಿ, ಅಲ್ಲೇ ಇರುತ್ತಾರೆ. ಹೋಗಿ ಮಾತಾಡಿಸಿ. ಅಜ್ಜಿಯ ವಿಷಯ ಕೇಳಿ, ಸಂತೋಷವಾಗಿ ಹೇಳುತ್ತಾರೆ. ಓಲೆ ಮಾತು ಮಾತ್ರ ಎತ್ತಬೇಡಿ.