ಕಾಡಿನ ಕತ್ತಲೆ ಎಂದುಕೊಂಡಿದ್ದೆ

ಗುತ್ತಿಗಾರಿಗೆ ಬಂದ ಮೊದಲ ಬೆಳಿಗ್ಗೆ ನಮ್ಮ ಮನೆಯ ಮೇಲೆ ರೈಲು ಹಾದುಹೋಯಿತು. ನನಗೆ ಕೇಳಿಸಿದ್ದು ಹಾಗೆಯೇ. ಉಗಿಬಂಡಿ ನಿಲ್ದಾಣ ಬಿಡುವಾಗ ಏದುಸಿರು ಬಿಡುತ್ತದಲ್ಲ, ಅಂಥದೇ ಸದ್ದು, ಹೆಂಚಿನ ಮೇಲಿನಿಂದ. ಗದಗಿನ ಸ್ಟೇಶನ್ನಿನ ಹತ್ತಿರ ಬೆಳೆದವಳು ನಾನು. ಹಾಸಿಗೆಯಿಂದೆದ್ದು ಅಂಗಳಕ್ಕೆ ಓಡಿದೆ. ಪಕ್ಕದ ಮನೆಯ ಮೆಟ್ಟಿಲ ಮೇಲೆ, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡ ಹೆಂಗಸೊಬ್ಬರು ಅಕ್ಕಿ ಆರಿಸುತ್ತಿದ್ದರು.

"ಇಲ್ಲಿ ರೈಲು ಎಲ್ಲಿ ಐತ್ರಿ?" ಎಂದು ಕೇಳಿದೆ.

"ಎಂತ ರೈಲು?"

"ಈಗ ಹೋತಲ್ರಿ, ಮ್ಯಾಲೆ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ನಕ್ಕರು. "ಅದು ರೈಲಲ್ಲ ಮಾರಾಯ್ರೆ, ಹಕ್ಕಿ. ಮಂಗಟ್ಟೆ ಹಕ್ಕಿ. ಅಗೋ, ಆ ಮರದಲ್ಲಿ ಕೂತಿದೆ ನೋಡಿ."

ಅವರು ಕೈ ತೋರಿಸಿದ ಕಡೆ ನೋಡಿದೆ. ಕಪ್ಪು ಗೋಡೆಯಂತೆ ಕಾಡು ನಿಂತಿತ್ತು. ಹಕ್ಕಿ ಕಾಣಲಿಲ್ಲ. ಇನ್ನೂ ಬೆಳಕು ಹರಿದಿಲ್ಲ ಎಂದುಕೊಂಡು ಒಳಗೆ ಬಂದೆ.

ನನ್ನ ಗಂಡ ದನದ ಡಾಕ್ಟರು. ರಾಜ್ಯ ಒಂದಾದ ಮರುವರ್ಷ, ಧಾರವಾಡ ಜಿಲ್ಲೆಯವರನ್ನು ಈ ಕಡೆಗೂ ಈ ಕಡೆಯವರನ್ನು ಅಲ್ಲಿಗೂ ವರ್ಗ ಮಾಡುವ ಕಾಲದಲ್ಲಿ ಅವರಿಗೆ ಇಲ್ಲಿಗೆ ಬರಲು ಆದೇಶವಾಯಿತು. ನಮಗೆ ಮಕ್ಕಳಿಲ್ಲ. ಸಾಮಾನು ಹೆಚ್ಚಿರಲಿಲ್ಲ. ಬಸ್ಸಿನ ಮೇಲೆ ಹಾಕಲು ಬಿಡದೆ ನಾನು ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದು ಒಂದೇ ಪೆಟ್ಟಿಗೆ. ಅದರಲ್ಲಿ ಒಂದು ಕ್ಯಾಮೆರಾ, ಜೊತೆಗೆ ಮೊಳದುದ್ದದ ಟೆಲಿ ಲೆನ್ಸ್. ದೂರದ್ದನ್ನು ಹತ್ತಿರಕ್ಕೆ ತರುವ ಲೆನ್ಸ್ ಅದು. ಸ್ವದೇಶಕ್ಕೆ ಮರಳುತ್ತಿದ್ದ ಜರ್ಮನ್ ಪಾದ್ರಿಯೊಬ್ಬರಿಂದ ನನ್ನ ಗಂಡ ತಮಗಾಗಿಯೇ ಕೊಂಡಿದ್ದರು. ಅವರಿಗೆ ತಾಳ್ಮೆ ಸಾಲಲಿಲ್ಲ. ಅದು ನನ್ನ ಕೈಗೆ ಬಂತು, ನನ್ನ ಕೈಯಲ್ಲೇ ಉಳಿಯಿತು.

ನಮ್ಮ ಊರ ಕಡೆಯ ಕೆರೆಗೆ ಚಳಿಗಾಲದಲ್ಲಿ ಹೆಬ್ಬಾತುಗಳು ಇಳಿಯುವುದನ್ನು ಊರವರಾದ ನೀವೆಲ್ಲ ನೋಡಿದ್ದೀರಿ. ಜೋಳದ ದಂಟುಗಳ ಮರೆಯಲ್ಲಿ ಮುಕ್ಕಾಲಿ ಊರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಕೂತಿರುತ್ತಿದ್ದೆ. ಕ್ಯಾಮೆರಾದ ನೆತ್ತಿಯ ಮೇಲಿನ ಮಸುಕು ಗಾಜಿಗೆ ಬಗ್ಗಿ ನೋಡಿದರೆ, ಕೈಗೆ ಎಂದೂ ಸಿಗದ ಜೀವವೊಂದು ಕೊಕ್ಕಿನಿಂದ ನೀರು ತೊಟ್ಟಿಕ್ಕಿಸುತ್ತ ಅಂಗೈಯಷ್ಟು ದೂರದಲ್ಲಿ ನಿಂತಿರುತ್ತಿತ್ತು. "ಡಾಕ್ಟರ ಹೇಣ್ತಿ ಹುಚ್ಚಿ" ಎಂದು ಹೊಲದವರು ಆಡಿಕೊಂಡರು. ಆದರೆ ಚಿತ್ರಗಳನ್ನು ನೋಡಲು ಅವರೇ ಮೊದಲು ಬರುತ್ತಿದ್ದರು.

ಇಲ್ಲಿ ಬಂದ ಮೇಲೆ ಒಂದು ಚಿತ್ರವೂ ಬರಲಿಲ್ಲ.

ಅಲ್ಲಿ ಆಕಾಶ ನೆಲದವರೆಗೆ ಇಳಿದಿರುತ್ತದೆ. ಇಲ್ಲಿ ಅದು ಮರಗಳ ನಡುವೆ ಹರಿದ ಬಟ್ಟೆಯ ಚೂರಿನಂತೆ ಕಾಣುತ್ತದೆ. ಅಲ್ಲಿ ಹಕ್ಕಿ ಕಣ್ಣಿನ ಮಟ್ಟದಲ್ಲಿ, ಇಲ್ಲಿ ನೆತ್ತಿಯ ಮೇಲೆ ಎಲೆಗಳ ಒಳಗೆ. ಮಸುಕು ಗಾಜಿಗೆ ಬಗ್ಗಿದರೆ ಕಪ್ಪಿನೊಳಗೆ ಇನ್ನಷ್ಟು ಕಪ್ಪು. ಅಂದಾಜಿನಲ್ಲೇ ಲೆನ್ಸ್ ತಿರುಗಿಸುತ್ತಿದ್ದೆ, ಅಂದಾಜಿನಲ್ಲೇ ಒತ್ತುತ್ತಿದ್ದೆ. ಫಿಲಂ ಸುರುಳಿಯನ್ನು ನನ್ನ ಗಂಡ ಪುತ್ತೂರಿಗೆ ಹೋದಾಗ ಅಲ್ಲಿನ ದರ್ಬೆಯ ಸ್ಟುಡಿಯೋಕ್ಕೆ ಕೊಡುತ್ತಿದ್ದರು. ಸ್ಟುಡಿಯೋದ ಕಾಮತರು ಮರ್ಯಾದಸ್ಥರು, ಚಿತ್ರಗಳ ಲಕೋಟೆ ಕೊಡುವಾಗ ಏನೂ ಹೇಳುತ್ತಿರಲಿಲ್ಲವಂತೆ. ಒಮ್ಮೆ ಮಾತ್ರ, "ಅಮ್ಮನವರು ಸ್ವಲ್ಪ ಫೋಕಸ್ ನೋಡಿಕೊಳ್ಳಬಹುದಿತ್ತು" ಎಂದರಂತೆ. ಕೆರೆಯ ಚಿತ್ರಗಳಿಗೆ ವಾರಪತ್ರಿಕೆಯೊಂದರಿಂದ ಮೆಚ್ಚುಗೆ ಪಡೆದವಳು ನಾನು. ಆ ದಿನ ಊಟ ಮಾಡಲಿಲ್ಲ.

ಮೊದಲು ಬೂಷ್ಟನ್ನು ಬೈದೆ. ಇಲ್ಲಿನ ತೇವಕ್ಕೆ ಚಪ್ಪಲಿಗೂ ಬೂಷ್ಟು, ಊರಿಂದ ತಂದ ಜೋಳದ ಹಿಟ್ಟಿಗೂ ಬೂಷ್ಟು. ಲೆನ್ಸಿನ ಗಾಜಿನೊಳಗೂ ಜೇಡರ ಬಲೆಯಂಥ ಎಳೆ ಎದ್ದಿತ್ತು. ನನ್ನ ಗಂಡ ಅದನ್ನು ಮಂಗಳೂರಿಗೆ ಒಯ್ದು ಬಿಚ್ಚಿಸಿ ಒರೆಸಿ ತಂದರು. ಚಿತ್ರ ಹಾಗೆಯೇ ಬಂತು. ಆಮೇಲೆ ಫಿಲಮ್ಮನ್ನು ಬೈದೆ. ಕೊನೆಗೆ ಊರನ್ನೇ ಬೈದೆ. ಈ ಊರು ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ ಎಂದು ಅನ್ನಿಸಿತ್ತು.

ಅದಕ್ಕೆ ಕಾರಣವೂ ಇತ್ತು. ಇಲ್ಲಿನವರ ಮನೆಮಾತು ಒಬ್ಬರದು ತುಳು, ಇನ್ನೊಬ್ಬರದು ಅರೆಭಾಷೆ. ನಮ್ಮ ಮನೆಯ ಮಾಲೀಕ, ಮಲೆ ಉತ್ಪನ್ನದ ವ್ಯಾಪಾರಿ ಹಸನಬ್ಬ ಮತ್ತು ಅವರ ಅಕ್ಕ, ಮೊದಲ ದಿನ ನನಗೆ ಹಕ್ಕಿ ತೋರಿಸಿದ ಐಸಮ್ಮ, ಮನೆಯಲ್ಲಿ ಬ್ಯಾರಿ ಮಾತು ಆಡುತ್ತಾರೆ. ನನ್ನೊಡನೆ ಎಲ್ಲರೂ ಪುಸ್ತಕದಂಥ ಕನ್ನಡ ಆಡುತ್ತಾರೆ. ಅದೇ ನನ್ನನ್ನು ಹೊರಗೆ ನಿಲ್ಲಿಸುತ್ತಿತ್ತು. ಒಂದು ದಿನ ಐಸಮ್ಮನೇ ಬಾಯಿ ಬಿಟ್ಟು ಹೇಳಿದರು. "ಬೇಸರ ಮಾಡ್ಬೇಡಿ ಡಾಕ್ಟ್ರಕ್ಕ. ನಿಮಗೆ ದೊಡ್ಡಸ್ತಿಕೆ ಅಂತ ಹೇಳ್ತಾರೆ. ದಾರಿ ಬದಿಯಲ್ಲಿ ನಿಂತು ನಕ್ಕರೆ ನೀವು ತಿರುಗಿ ನಗುದಿಲ್ಲ ಅಂತೆ. ಮೊನ್ನೆ ನಾನೇ ಬಾವಿ ಹತ್ತಿರ ಕರ್ದೆ. ನೀವು ನನ್ನ ಕೊಡಕ್ಕೆ ಎಡವಿ ಹೋದ್ರಿ, ಒಂದು ಮಾತಿಲ್ಲ."

"ನಾ ಯಾರನ್ನೂ ನೋಡ್ಲಿಲ್ರಿ" ಎಂದೆ. ಅವರು ನಂಬಿದರೋ ಇಲ್ಲವೋ, ಗೊತ್ತಿಲ್ಲ. ಆ ರಾತ್ರಿ ಗಂಡನಿಗೆ, "ವರ್ಗಕ್ಕ ಅರ್ಜಿ ಹಾಕ್ರಿ. ನನಗ ಇಲ್ಲಿ ಇರೂದು ಆಗೂದಿಲ್ಲ" ಎಂದು ಹೇಳಿಬಿಟ್ಟೆ. ಅವರು ಮರುದಿನವೇ ಅರ್ಜಿ ಬರೆದರು.

ಎರಡನೆಯ ಬೇಸಿಗೆಯಲ್ಲಿ ಹಸನಬ್ಬನವರು ಒಂದು ಸುದ್ದಿ ತಂದರು. ಅವರ ಆಳುಗಳು ರಾಮಪತ್ರೆ ಕೊಯ್ಯುವ ಜಾಗದ ಹತ್ತಿರ ಮಂಗಟ್ಟೆ ಗೂಡು ಮಾಡಿದೆ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಒಳಗಿನಿಂದ ಮೆತ್ತಿಕೊಂಡಿದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಹಾರಿಹೋಗುವ ಹಕ್ಕಿಯನ್ನು ಹಿಡಿಯಲಾಗದವಳಿಗೆ ಒಂದೇ ಜಾಗಕ್ಕೆ ಬಂದು ಅಲುಗಾಡದೆ ಕೂರುವ ಹಕ್ಕಿ. ಆ ರಾತ್ರಿಯೇ ಹೊಸ ಸುರುಳಿ ಹಾಕಿಟ್ಟೆ.

ಬೆಳಿಗ್ಗೆ ಹೊರಟೆವು, ಹಸನಬ್ಬ, ಐಸಮ್ಮ, ನಾನು. ಗಂಡ ಸತ್ತ ಮೇಲೆ ಈಶ್ವರಮಂಗಲದಿಂದ ತಮ್ಮನ ಮನೆಗೆ ಬಂದ ಐಸಮ್ಮನಿಗೂ ಮನೆಯಿಂದ ಹೊರಬೀಳಲು ನೆಪ ಬೇಕಿತ್ತು. ಮರದ ಎದುರಿನ ದಿಬ್ಬದಲ್ಲಿ ಸೊಪ್ಪಿನ ಮರೆ ಕಟ್ಟಿದ್ದರು. ಮುಕ್ಕಾಲಿ ಊರಿ ಗೂಡಿನ ಕಡೆ ಲೆನ್ಸ್ ಹೊಂದಿಸಿದೆ. ತಲೆಯ ಮೇಲೆ ಆ ಉಗಿಬಂಡಿಯ ಸದ್ದು ಬಂತು, ಗೂಡಿನ ಮರದಲ್ಲಿ ನಿಂತಿತು.

ಗಾಜಿಗೆ ಬಗ್ಗಿದೆ. ಕಪ್ಪು. ಅದರಲ್ಲಿ ಹಳದಿಯ ಒಂದು ಮಸುಕು ಕಲೆ.

"ಇನ್ನೂ ಬೆಳಕ ಸಾಲದು" ಎಂದೆ.

"ಇಷ್ಟು ಬೊಳ್ಪು ಸಾಕಾಗುದಿಲ್ವಾ?" ಎಂದರು ಐಸಮ್ಮ. ತುಳುವಿನಲ್ಲಿ ಬೆಳಕಿಗೆ ಬೊಳ್ಪು ಅನ್ನುತ್ತಾರೆ. "ನಾನೊಮ್ಮೆ ನೋಡ್ಲಾ?"

ಜಾಗ ಬಿಟ್ಟೆ. ಲೆನ್ಸಿನ ಉಂಗುರ ತಿರುಗಿಸುವುದು ಹೇಗೆಂದು ಹೇಳಿದೆ. ಅವರು ಬಗ್ಗಿ, ಸ್ವಲ್ಪ ತಿರುಗಿಸಿದರು. ಆಮೇಲೆ ಪಿಸುಗುಟ್ಟಿದರು. "ಡಾಕ್ಟ್ರಕ್ಕ, ಇದಕ್ಕೆ ಕಣ್ಣಿನ ರೆಪ್ಪೆಯಲ್ಲಿ ಕೂದಲು ಉಂಟು. ನಮಗೆ ಇದ್ದ ಹಾಗೆಯೇ."

ಮತ್ತೆ ನೋಡಿದೆ. ಅದೇ ಕಲೆ. ಕಣ್ಣು ಉಜ್ಜಿ ನೋಡಿದೆ. ರೆಪ್ಪೆ ಹಾಗಿರಲಿ, ಕಣ್ಣು ಎಲ್ಲಿದೆ ಎಂದೇ ತಿಳಿಯಲಿಲ್ಲ. "ನೀವೇ ಒತ್ರಿ ಐಸಮ್ಮ" ಎಂದೆ. ಅವರು ಒತ್ತಿದರು.

ಆ ಸುರುಳಿಯಲ್ಲಿ ನಾನು ತೆಗೆದವೆಲ್ಲ ಹೊಗೆ. ಐಸಮ್ಮ ತೆಗೆದ ಒಂದರಲ್ಲಿ, ಬಾಗಿದ ದೊಡ್ಡ ಕೊಕ್ಕಿನ ತುದಿಯಲ್ಲಿ ಅತ್ತಿಹಣ್ಣು ಹಿಡಿದು, ಉದ್ದ ರೆಪ್ಪೆಗಳ ಕೆಳಗಿನಿಂದ ಹಕ್ಕಿ ನಮ್ಮನ್ನೇ ನೋಡುತ್ತಿತ್ತು. "ಅಮ್ಮನವರಿಗೆ ಕೊನೆಗೂ ಕೈ ಕುದುರಿತು" ಎಂದು ಕಾಮತರು ಹಿಗ್ಗಿದರಂತೆ. ನನ್ನ ಗಂಡ ಆ ಚಿತ್ರವನ್ನು ಮೇಜಿನ ಮೇಲೆ ನನ್ನವುಗಳ ಪಕ್ಕಕ್ಕಿಟ್ಟು ನೋಡಿದರು. ಆಮೇಲೆ ತಮ್ಮ ಕೈಯನ್ನು ನನ್ನ ಕಿವಿಯ ಪಕ್ಕಕ್ಕೆ ತಂದು, ಬೆರಳಾಡಿಸಿದರು.

"ನೀಲಾ, ಇದು ಕಾಣಸ್ತದೇನು?"

"ಯಾವುದ್ರಿ?"

ಮಂಗಳೂರಿನ ಕಣ್ಣಿನ ಡಾಕ್ಟರು ವಯಸ್ಸಾದವರು. ಕೋಣೆ ಕತ್ತಲು ಮಾಡಿ ಎರಡೂ ಕಣ್ಣುಗಳೊಳಗೆ ಬಹಳ ಹೊತ್ತು ದೀಪ ಬಿಟ್ಟು ನೋಡಿದರು. "ಕತ್ತಲಾದ ಮೇಲೆ ನಡೀಲಿಕ್ಕೆ ಕಷ್ಟ ಆಗ್ತದಾ?"

"ಇಲ್ಲಿಗೆ ಬಂದ ಮ್ಯಾಲೆ ಆಗ್ಲಿಕತ್ತೈತ್ರಿ."

"ಅದಕ್ಕೆ ಮೊದಲು?"

ಇಲ್ಲ ಎನ್ನಲು ಬಾಯಿ ತೆರೆದವಳು ತಡೆದೆ. ಮುಸ್ಸಂಜೆಯ ಆಟದಲ್ಲಿ ಯಾವಾಗಲೂ ಬೀಳುತ್ತಿದ್ದವಳು ನಾನೇ. ಬಯಲಾಟಕ್ಕೆ ಹೋದರೆ ಅವ್ವನ ಸೆರಗು ಬಿಡುತ್ತಿರಲಿಲ್ಲ. ಎಲ್ಲರೂ ನನ್ನನ್ನು ಅಂಜುಬುರುಕಿ ಎಂದುಕೊಂಡರು, ನಾನೂ ಹಾಗೆಯೇ ಅಂದುಕೊಂಡೆ. ಬಯಲುಸೀಮೆಯ ಬಿಸಿಲು ಇಷ್ಟು ವರ್ಷ ಅದನ್ನು ಮುಚ್ಚಿಟ್ಟಿತ್ತು.

"ತಂದೆ ತಾಯಿ ಸಂಬಂಧದವರಾ?"

"ನಮ್ಮವ್ವನ್ನ ಆಕಿ ಸ್ವಾದರಮಾವಗ ಕೊಟ್ಟಿದ್ರು."

ಅವರು ಲೇಖನಿ ಕೆಳಗಿಟ್ಟರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ ಎಂದರು. ಮೊದಲು ಇರುಳು ಹೋಗುತ್ತದೆ, ಆಮೇಲೆ ಬದಿಗಳು, ನಡುವಿನ ಸಣ್ಣ ಕಿಂಡಿ ಕೊನೆಗೆ. "ಇದಕ್ಕೆ ಮದ್ದಿಲ್ಲ ಅಮ್ಮ. ಎಷ್ಟು ವರ್ಷ ಅಂತ ನಾನು ಹೇಳ್ಲಿಕ್ಕಾಗುದಿಲ್ಲ. ನೋಡಬೇಕು ಅಂತ ಇದ್ದದ್ದನ್ನೆಲ್ಲ ಈಗ ನೋಡಿ."

ಗುತ್ತಿಗಾರಿಗೆ ಮರಳಿ ಒಲೆ ಹಚ್ಚದೆ ಕೂತಿದ್ದೆ. ಐಸಮ್ಮ ಬಾಗಿಲಲ್ಲಿ ಬಂದು ನಿಂತರು. ಅಷ್ಟು ದಿನವೂ ಅವರು ನನಗೆ ತೆಂಗಿನಕಾಯಿ, ಬಾಳೆಹಣ್ಣು ಮಾತ್ರ ಕೊಟ್ಟಿದ್ದರು. ಲಿಂಗ ಕಟ್ಟಿದವಳು ತಮ್ಮ ಮನೆಯ ಅಡಿಗೆ ಮುಟ್ಟುವಳೋ ಇಲ್ಲವೋ ಎಂಬ ಸೂಕ್ಷ್ಮ ಅವರದು. ಈಗ ಕೈಯಲ್ಲಿ ತಟ್ಟೆ ಇತ್ತು. "ಪತ್ತಿರ್. ಅಕ್ಕಿದು, ಬೇರೆ ಎಂತದೂ ಇಲ್ಲ. ಬೇಡ ಅಂದ್ರೆ ಬೇಡ." ನಮ್ಮ ರೊಟ್ಟಿಯಂತೆಯೇ ತೆಳ್ಳಗೆ ತಟ್ಟಿದ್ದು, ಆದರೆ ಬೆಳ್ಳಗೆ, ಮೆತ್ತಗೆ. ತಿಂದೆ. ತಿನ್ನುತ್ತ ಅತ್ತೆ. ಊರಲ್ಲಿ ಇದನ್ನು ಓದಿದವರು ಏನಾದರೂ ಅಂದುಕೊಳ್ಳಲಿ.

ಆಮೇಲೆ ಓಣಿಗೆಲ್ಲ ಸುದ್ದಿ ತಿಳಿಯಿತು. ದೊಡ್ಡಸ್ತಿಕೆ ಎಂದವರೇ ಬಂದು ಸಮಾಧಾನ ಹೇಳಿದರು. ಕಣ್ಣು ಹೋದರೂ ಕಿವಿ ಉಂಟಲ್ಲ, ಹಕ್ಕಿಯ ಕೂಗು ಕೇಳಬಹುದಲ್ಲ ಎಂದರು. ಅವರ ಒಳ್ಳೆಯತನದಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಮಾತು ನನಗೆ ಒಂದು ದಿನವೂ ಆಧಾರವಾಗಲಿಲ್ಲ. ಕೂಗು ನನಗೆ ಮೊದಲೂ ಕೇಳುತ್ತಿತ್ತು. ನಾನು ಬಯಸಿದ್ದು ನೋಡುವುದನ್ನು.

ಕಳೆದ ಚಳಿಗಾಲದಲ್ಲಿ ರಜೆ ಹಾಕಿ ಊರಿಗೆ ಹೋದೆವು. ಕೆರೆಯ ದಂಡೆಯಲ್ಲಿ ನಡುಹಗಲಿನ ಬಿಸಿಲಿಗೆ ಕ್ಯಾಮೆರಾ ಊರಿ ಗಾಜಿಗೆ ಬಗ್ಗಿದರೆ, ಹೆಬ್ಬಾತಿನ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಸ್ಪಷ್ಟವಾಗಿ ಕಂಡವು. ಚಿತ್ರವೂ ಚೆನ್ನಾಗಿ ಬಂತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡು, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಎಲ್ಲಾ ಆ ಕಾಡಿನ ನೀರಿಂದು" ಎಂದಳು. ಅರ್ಧ ದಿನ ನಾನೂ ಅದನ್ನು ನಂಬಿದೆ. ಆಮೇಲೆ ಹಿಂಡು ಎದ್ದಿತು. ದಂಡೆಯಲ್ಲಿದ್ದವರೆಲ್ಲ ತಲೆಯೆತ್ತಿ, ಆಕಾಶ ತುಂಬಿತು ಎಂದರು. ನನ್ನ ಕಿಂಡಿಯಲ್ಲಿ ನಾಲ್ಕೈದು ಹಕ್ಕಿಗಳಿದ್ದವು, ಉಳಿದದ್ದು ಬರಿಯ ರೆಕ್ಕೆಯ ಸದ್ದು.

ಅವ್ವನ ಮನೆಯಲ್ಲಿ ನನ್ನನ್ನು ಒಂಟಿಯಾಗಿ ಹಿತ್ತಲಿಗೂ ಬಿಡುತ್ತಿರಲಿಲ್ಲ. ಯಾರಾದರೊಬ್ಬರು ರಟ್ಟೆ ಹಿಡಿದಿರುತ್ತಿದ್ದರು. "ಎಂತಕ್ಕೆ ಹಿಡೀತೀರಿ?" ಎಂದು ಒಮ್ಮೆ ರೇಗಿದೆ. ಎಲ್ಲರೂ ನಕ್ಕರು. ನಾಲಿಗೆ ಕಡಲ ಕಡೆಯದಾಯಿತು ಎಂದರು. ಇಲ್ಲಿ ಐಸಮ್ಮ ಹಿಡಿಯುವುದಿಲ್ಲ. ಎರಡು ಹೆಜ್ಜೆ ಮುಂದೆ ನಡೆಯುತ್ತ, ತಮ್ಮಷ್ಟಕ್ಕೆ ಎಂಬಂತೆ, "ಮೆಟ್ಟಿಲು ಉಂಟು... ಬೇರು ಉಂಟು" ಎನ್ನುತ್ತಾರೆ.

ಈಗ ಆ ಹಳೆಯ ಅರ್ಜಿಗೆ ಉತ್ತರ ಬಂದಿದೆ. ನನ್ನ ಗಂಡನಿಗೆ ಗದಗಿಗೆ ವರ್ಗವಾಗಿದೆ. "ಅರ್ಜಿ ಹಾಕಿದಾಗ ನಿನಗ ಬೇಕಾಗಿತ್ತು. ಈಗೂ ಬೇಕೇನು? ಬ್ಯಾಡಂದ್ರ ಮಂಗಳೂರಿಗೆ ಹೋಗಿ ರದ್ದು ಮಾಡ್ರಿ ಅಂತ ಕೇಳ್ಕೋತೀನಿ" ಎಂದರು. ಬೆಳಕಿಗಾಗಿ ಹೋಗಬೇಕು. ಅಲ್ಲಿ ಕೆಲವು ವರ್ಷ ಹೆಚ್ಚು ನೋಡಬಹುದು. ಹೋಗೋಣ ಎಂದೆ. ಅಂದ ಮೇಲೆ, ಮಾತು ಹಿಂದೆಗೆದುಕೊಳ್ಳಬೇಕೆನಿಸಿತು. ಇದನ್ನು ನಡುಹಗಲಿನಲ್ಲಿ ಅಂಗಳದಲ್ಲಿ ಕೂತು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿಗೇ ಮರಳಿ ಬರುತ್ತಿದ್ದೇನೆ, ಆದರೆ ಬರುತ್ತಿರುವವಳು ಅಲ್ಲಿಂದ ಹೊರಟವಳಲ್ಲ.

ನಿನ್ನೆ ಐಸಮ್ಮ ಮೆಟ್ಟಿಲ ಮೇಲೆ, ಸೂರಿನ ನೆರಳಲ್ಲಿ ಕೂತಿದ್ದರು. "ಹೋದವ್ರು ಯಾರೂ ತಿರುಗಿ ಬರುದಿಲ್ಲ" ಎಂದರು.

"ನಾ ಬರ್ತೀನಿ."

"ಬಂದು ಎಂತ ನೋಡ್ಲಿಕ್ಕೆ ಉಂಟು ಇಲ್ಲಿ?"

ಮಾತು ಹೊರಬಿದ್ದ ಮೇಲೆ ಅದರ ಇನ್ನೊಂದು ಅರ್ಥ ಹೊಳೆದಿರಬೇಕು. ಬಾಯಿಗೆ ವಸ್ತ್ರ ಒತ್ತಿಕೊಂಡರು.

"ನಿಮ್ಮನ್ನ" ಎಂದೆ.

ಅವರು ಎದ್ದು, ಅಂಗಳದ ನಡುವೆ ಬಿಸಿಲು ಬಿದ್ದ ಜಾಗಕ್ಕೆ ಬಂದು ನನ್ನೆದುರು ಕೂತರು. "ಅಷ್ಟು ದೂರದಿಂದ ಯಾಕೆ ಬರುದು? ಈಗಲೇ ಸರಿಯಾಗಿ ನೋಡಿಕೊಳ್ಳಿ" ಎಂದು ತಲೆಯ ವಸ್ತ್ರ ಹಿಂದಕ್ಕೆ ಸರಿಸಿದರು.

ಬಿಸಿಲು ಅಂಗಳದಿಂದ ಜಾರುವವರೆಗೂ ನೋಡಿದೆ.