ಮಗ್ಗದ ಗುಂಡಿಯಲ್ಲಿ ಕುಳಿತ ಸಂಜೆ

ಬಿರುಗಾಳಿ ಬಂದರೆ ಮಕ್ಕಳನ್ನು ಮಗ್ಗದ ಗುಂಡಿಗೆ ಇಳಿಸುತ್ತಿದ್ದ ಕಾಲ ಅದು. ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಹೀಗೆ ಮಾಡುತ್ತಿದ್ದರೋ, ನಮ್ಮವ್ವ ಒಬ್ಬಳೇ ಮಾಡುತ್ತಿದ್ದಳೋ, ಈಗ ಖಚಿತವಾಗಿ ಹೇಳಲಾರೆ. ನೇಯುವಾಗ ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಆ ಗುಂಡಿ ನಮ್ಮ ಸೊಂಟದಷ್ಟು ಆಳವಿತ್ತು. ಅದರ ಮೇಲೆ ಬಿಗಿಯಾಗಿ ಎಳೆದ ರೇಷ್ಮೆ ಎಳೆಗಳ ಹಾಸು. ಅದಕ್ಕೆ ನಾವು ಬೆರಳು ತಾಗಿಸುವಂತಿರಲಿಲ್ಲ. ಕಡಲೆಕಾಯಿ ತಿಂದ ಕೈಯಲ್ಲಂತೂ ಆ ಕೋಣೆಗೇ ಬರುವಂತಿರಲಿಲ್ಲ. ಸೀರೆ ಮುಗಿದ ದಿನವೂ ಅವ್ವ ದೀಪ ಹಚ್ಚಿದ ಮೇಲೆಯೇ ಅಪ್ಪ ಕತ್ತರಿ ಹಿಡಿಯುತ್ತಿದ್ದ.

ಬೇಸಿಗೆಯ ಒಂದು ಸಂಜೆ ಗಾಳಿ ಎದ್ದಿತು. ಮೊದಲು ಕೆಂಧೂಳು, ಆಮೇಲೆ ಆಲಿಕಲ್ಲು. ತಗಡಿನ ಸೂರಿನ ಮೇಲೆ ಅದು ಬೀಳುವ ಸದ್ದಿಗೆ ತಂಗಿ ಗಿರಿಜೆ ಕಿವಿ ಮುಚ್ಚಿಕೊಂಡು ಕಿರುಚಿದಳು.

“ಇಳೀರಿ, ಇಳೀರಿ! ಎಳೆ ಮುಟ್ಟೀರಿ, ಹುಷಾರು!” ಎನ್ನುತ್ತಾ ಅವ್ವ ಇಬ್ಬರನ್ನೂ ಗುಂಡಿಗೆ ಇಳಿಸಿದಳು. ತಲೆ ಬಗ್ಗಿಸಿ ಹಾಸಿನಡಿ ಸರಿದೆವು. ಒಳಗೆ ತಂಪು ಮಣ್ಣಿನ ವಾಸನೆ. ಗಿರಿಜೆ ಅಳು ಮರೆತು, “ಕಲ್ಲಾಟ ಆಡಾಣೇನೇ?” ಎಂದಳು.

ಅಷ್ಟರಲ್ಲಿ ಮೇಲೆ ಏನೋ ಮುರಿಯಿತು. ತೊಲೆಯೊಂದು ತಗಡಿನ ಸಮೇತ ಅಪ್ಪ ಕೂರುವ ಜಾಗಕ್ಕೇ ಬಿತ್ತು. ನಾವು ಇಳಿದ ದಾರಿ ಮುಚ್ಚಿಹೋಯಿತು. ತೆರೆದ ಸೂರಿನಿಂದ ಸುರಿದ ನೀರೆಲ್ಲ ಗುಂಡಿಗೇ ಇಳಿಯತೊಡಗಿತು. ಮೊದಲು ಪಾದ ಮುಳುಗಿತು, ಕುಕ್ಕರಗಾಲಲ್ಲಿ ಕೂತಿದ್ದ ನಮ್ಮ ತೊಡೆಗೂ ಬಂತು. ಅಷ್ಟಾದರೂ ನಾನು ತಲೆ ಎತ್ತಲಿಲ್ಲ, ಎಳೆ ತಾಗೀತೆಂಬ ಭಯಕ್ಕೆ!

“ಅವ್ವಾ, ನೀರು!” ಎಂದು ಗಿರಿಜೆ ಕೂಗಿದಳು.

ಅಪ್ಪ ತೊಲೆ ಎತ್ತಲು ಹೆಣಗುವುದು ಕೇಳಿಸಿತು. ಅದು ಅಲುಗಲಿಲ್ಲ. ಮಗ್ಗದ ಮೇಲಿದ್ದದ್ದು ಮದುವೆಗೆಂದು ಯಾರೋ ಹೇಳಿ ನೇಯಿಸುತ್ತಿದ್ದ ಸೀರೆ; ಸೆರಗಷ್ಟೇ ಬಾಕಿ. ಆಮೇಲೆ ಕೇಳಿದ್ದು ಕತ್ತರಿಯ ಸದ್ದು. ಬಿಗಿದಿದ್ದ ಎಳೆಗಳು ಸಡಿಲಗೊಂಡು ನಮ್ಮ ತಲೆ, ಮುಖದ ಮೇಲೆ ಬಿದ್ದವು. ಒಂದು ಕೈ ಒಳಗೆ ಬಂತು. ಮೊದಲು ಗಿರಿಜೆಯನ್ನು ಮೇಲೆಳೆದುಕೊಂಡಿತು, ಆಮೇಲೆ ನನ್ನನ್ನು.

ಮಳೆ ನಿಂತ ಮೇಲೆ ಪಕ್ಕದ ಮನೆಯ ಓಬಕ್ಕ ಬೆಲ್ಲದ ಕಾಫಿ ತಂದಳು. ಮಗ್ಗ ನೋಡಿ, “ಏನಣ್ಣ, ಸೆರಗಿಲ್ದಿರೋ ಸೀರೆ ಯಾರ್ ಉಡ್ತಾರೆ?” ಎಂದಳು.

“ಈ ಎರಡು ಕೋತಿಗ್ಳಿಗೆ ಲಂಗ ಹೊಲಿಸ್ತೀನಿ ಬಿಡಕ್ಕ,” ಎಂದ ಅಪ್ಪ. ಅವ್ವ ನಮ್ಮ ತಲೆ ಒರೆಸುತ್ತಲೇ ಇದ್ದಳು, ಒಣಗಿದ ಮೇಲೂ.

ಅಪ್ಪ ಹಿಂದೆಮುಂದೆ ನೋಡದೆ ಕತ್ತರಿಸಿದ ಎಂದೇ ನನ್ನ ನೆನಪು. ಗಿರಿಜೆ ಒಪ್ಪುವುದಿಲ್ಲ. ಅಪ್ಪ ಕತ್ತರಿ ಹಿಡಿದು ಸುಮ್ಮನೆ ನಿಂತುಬಿಟ್ಟಿದ್ದ, ಕಿತ್ತುಕೊಂಡು ಕತ್ತರಿಸಿದವಳು ಅವ್ವ ಎನ್ನುತ್ತಾಳೆ. ಆ ಎಳೆಗಳ ಅಡಿಯಿಂದ ನಮ್ಮಿಬ್ಬರಿಗೂ ಕಂಡಿದ್ದಾದರೂ ಎಷ್ಟು? ಹೇಳಲು ಅಪ್ಪ ಈಗಿಲ್ಲ. ಅವ್ವನನ್ನು ಕೇಳಿದರೆ, “ಯಾರ್ ಕತ್ತರಿಸಿದ್ರೆ ಏನ್ ಬಿಡೇ? ನೀವ್ ಎದ್ದು ಬಂದ್ರಲ್ಲ” ಎಂದು ಮಾತು ಮುಗಿಸುತ್ತಾಳೆ.

ಚಳ್ಳಕೆರೆಯಲ್ಲಿ ನನ್ನದೀಗ ಸಿಮೆಂಟಿನ ಮನೆ. ಎಂಥ ಗಾಳಿಗೂ ಅಲುಗುವುದಿಲ್ಲ, ಅದು ನೆಮ್ಮದಿಯೇ. ಆದರೂ ಸಿಡಿಲು ಹೊಡೆದಾಗ ಮಕ್ಕಳನ್ನು ಅವರವರ ಕೋಣೆಯಿಂದ ಕರೆಯುತ್ತೇನೆ. ಬಂದು ನಿಂತು, “ಏನಮ್ಮಾ?” ಎನ್ನುತ್ತಾರೆ. ಅವರನ್ನು ಎಲ್ಲಿ ಕೂರಿಸಲಿ ಎಂದು ನನಗೆ ಹೊಳೆಯುವುದಿಲ್ಲ.