ಚೀಟಿ ಇಲ್ಲದೆ ಅಳಿಸುವುದಿಲ್ಲ

“ಅಲ್ಲಿ ಗೋಡೆ ಅಂದ್ರೆ ಬೋರ್ಡೇ ಅಕ್ಕಾ. ನಡುದಾರೀಲಿ ಬೋರ್ಡು, ಟೀ ಕುಡಿಯೋ ಕೋಣೇಲಿ ಬೋರ್ಡು, ಮೆಟ್ಟಿಲು ತಿರುಗೋ ಕಡೇನೂ ಒಂದು. ಎಲ್ಲಿ ನಿಂತ್ರೂ ಲೆಕ್ಕ ಬರೀತಾರೆ, ಆಮೇಲೆ ತಲೆ ಕೆರ್ಕೊಂಡು ಹೋಗ್ತಾರೆ. ಬೆಳಿಗ್ಗೆ ಏಳಕ್ಕೆ ಒದ್ದೆ ಬಟ್ಟೆ ಹಿಡ್ಕೊಂಡು ನಾನು. ಸುತ್ತ ಚೌಕ ಎಳೆದಿದ್ರೆ ಮುಟ್ಟಬಾರದು, ಇಲ್ಲದಿದ್ರೆ ಅಳಿಸಬೇಕು. ಇಪ್ಪತ್ತಾರು ವರ್ಷದಿಂದ ಇದೊಂದೇ ಕಾನೂನು. ಆವತ್ತು ಆ ಡೈರೆಕ್ಟರ್ ಸಾಹೇಬ ಚೌಕ ಎಳೆಯೋಕೆ ಮರೆತ. ನಾನು ಅಳಿಸಿದೆ. ಟೀ ಹೊತ್ತಲ್ಲಿ ಎಲ್ಲರ ಮುಂದೆ, ‘ಚೌಕ ಹಾಕಿದ್ದೆ, ಓದೋಕೆ ಬರದವಳ ಕೈಗೆ ಬಟ್ಟೆ ಕೊಟ್ರೆ ಇನ್ನೇನಾಗುತ್ತೆ’ ಅಂದ. ಸುಳ್ಳು ಅಕ್ಕಾ. ನನ್ನ ಫೈಲಿಗೆ ಎಚ್ಚರಿಕೆ ಪತ್ರ ಬೇರೆ. ಬಿಡಲ್ಲ ನಾನು ಅವನನ್ನ.”

ಹೀಗೆ ಹೇಳಿದವಳು ನನ್ನ ಕೊನೇ ತಂಗಿ. ವಿಶ್ವವಿದ್ಯಾಲಯದ ಗಣಿತ ಸಂಶೋಧನಾ ಕೇಂದ್ರದಲ್ಲಿ ಗುಡಿಸಿ ಒರೆಸುವ ಕೆಲಸ ಅವಳದು. ಚಿಕ್ಕಂದಿನಿಂದಲೂ ಅವಳು ಕೂಗಾಡುವವಳಲ್ಲ, ಕಾಯುವವಳು. ನನ್ನ ಗೊಂಬೆಯ ಕೈ ಮುರಿದ ಸೋದರತ್ತೆ ಮಗನನ್ನು ಮೂರು ವರ್ಷ ಮಾತಾಡಿಸಲಿಲ್ಲ. ಗೊಂಬೆ ನನ್ನದು, ನಾನು ಎಂದೋ ಮರೆತಿದ್ದೆ.

ಪತ್ರದ ಜೊತೆಗೇ ಡೈರೆಕ್ಟರು ಹೊಸ ಆದೇಶ ಅಂಟಿಸಿದ್ದರು: ಇನ್ನು ಮೇಲೆ ತಮ್ಮ ಸಹಿಯ ಚೀಟಿ ಇಲ್ಲದೆ ಯಾರೂ ಯಾವ ಬೋರ್ಡನ್ನೂ ಅಳಿಸಕೂಡದು, ಚೀಟಿಯಲ್ಲಿ ಬೋರ್ಡಿನ ನಂಬರು, ಅಳಿಸುವ ಕಾರಣ ಎರಡೂ ಇರಬೇಕು. ತಂಗಿ ಇದನ್ನು ಚಾಚೂ ತಪ್ಪದೆ ಪಾಲಿಸಿದಳು. ವಾರದೊಳಗೆ ಅಂಗೈಯಗಲ ಖಾಲಿ ಬೋರ್ಡು ಉಳಿಯಲಿಲ್ಲ. ಲೆಕ್ಕದವರೆಲ್ಲ ಚೀಟಿ ಹಿಡಿದು ಡೈರೆಕ್ಟರ ಬಾಗಿಲಲ್ಲಿ ಸಾಲು ನಿಂತರು. ಹಾಕಿಸಿಕೊಂಡು ಬಂದ ಸಹಿಯನ್ನು ಇವಳು ಕಿಟಕಿ ಬೆಳಕಿಗೆ ಹಿಡಿದು, “ನಿನ್ನೇದಕ್ಕೆ ಬಾಲ ಉದ್ದ ಇತ್ತಲ್ಲ” ಎಂದು ವಾಪಸು ಕಳಿಸುವಳು. ಆದೇಶ ಹಿಂತೆಗೆದುಕೊಳ್ಳಲು ಡೈರೆಕ್ಟರ ಜಂಬ ಬಿಡಲಿಲ್ಲ.

ಎರಡು ತಿಂಗಳ ಮೇಲೆ, ಹೊರಗಿನಿಂದ ಬರುವ ವಿದ್ವಾಂಸರಿಗೆ ತೋರಿಸಲೆಂದು ಡೈರೆಕ್ಟರು ದೊಡ್ಡ ಹಾಲಿನ ಬೋರ್ಡಿನ ತುಂಬ ತಮ್ಮ ಲೆಕ್ಕ ಬರೆದರು. ಆ ಅತಿಥಿಗಳು ಬರುವ ದಿನ ಬೆಳಿಗ್ಗೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಮೂರನೇ ಸಾಲಿಗೆ ಬೆರಳಿಟ್ಟು, “ಸಾರ್, ಇಲ್ಲಿ ಸೊನ್ನೆಯಿಂದ ಭಾಗಿಸಿದ ಹಾಗಾಯ್ತು” ಅಂದಳಂತೆ. ಎಲ್ಲರೂ ಗುಂಪು ಕೂಡಿದರು. ಮುಂದಿನದನ್ನು ತಂಗಿಯ ಬಾಯಲ್ಲೂ ಕೇಳಿದ್ದೇನೆ, ಅಲ್ಲಿಯ ಕಾವಲುಗಾರನ ಬಾಯಲ್ಲೂ ಕೇಳಿದ್ದೇನೆ.

“ಅಳಿಸಮ್ಮಾ ಬೇಗ” ಎಂದರು ಡೈರೆಕ್ಟರು. ಬಟ್ಟೆ, ಬಕೆಟ್ಟು ಎರಡೂ ಇವಳ ಕೈಲಿ.

“ಚೀಟಿ ಸಾರ್.”

ಗೀಚಿ ಕೊಟ್ಟರು.

“ಕಾರಣ ಬರೆದಿಲ್ಲ.”

“ನಾನೇ ಎದುರು ನಿಂತು ಹೇಳ್ತಿದೀನಲ್ಲ.”

“ಬಾಯಿ ಮಾತಿಗೆ ಆಮೇಲೆ ಸಾಕ್ಷಿ ಇರಲ್ಲ. ಚೌಕ ಇತ್ತು ಅಂದ್ರೆ ನಾನೇನು ಮಾಡ್ಲಿ?”

ಯಾರೋ ಕೆಮ್ಮಿದರು. ಅತಿಥಿಗಳ ಕಾರು ಬಂದ ಸದ್ದಾಯಿತು. ಡೈರೆಕ್ಟರು ಕಾರಣ ಬರೆದರು.

“ಓದಿ ಹೇಳಿ ಸಾರ್. ನನಗೆ ಓದೋಕೆ ಬರಲ್ಲವಲ್ಲ.”

ಬರುತ್ತದೆ. ನಾನೇ ಕಲಿಸಿದ್ದು, ನನಗೆ ಬಂದಷ್ಟು.

“ನನ್ನ ಲೆಕ್ಕ ತಪ್ಪು.”

“ಜೋರಾಗಿ ಸಾರ್. ಹಿಂದೆ ನಿಂತವರಿಗೆ ಕೇಳಿಸ್ಲಿಲ್ಲ.”

ಇನ್ನೊಮ್ಮೆ ಓದಿದರು. ಆಗಲೂ ಇವಳು ಬಟ್ಟೆ ಅದ್ದಲಿಲ್ಲ. “ಆವತ್ತಿನ ಚೌಕ?” ಎಂದಳು.

“ಹಾಕಿರಲಿಲ್ಲ” ಎಂದರಂತೆ, ನೆಲ ನೋಡಿಕೊಂಡು. ಅತಿಥಿಗಳು ಒಳಗೆ ಬರುವ ಹೊತ್ತಿಗೆ ಇವಳು ಬೋರ್ಡು ಒರೆಸಿ ಮುಗಿಸಿದ್ದಳು.

ಆ ವಾರವೇ ಪತ್ರ ಫೈಲಿನಿಂದ ಹೋಯಿತು, ಆದೇಶವೂ ಹೋಯಿತು.

“ಈಗಲಾದ್ರೂ ಹೊಟ್ಟೆ ತಣ್ಣಗಾಯ್ತೇನೆ?” ಎಂದೆ.

“ಅರ್ಧ. ಆ ಅತಿಥಿಗಳು ಐದು ನಿಮಿಷ ಮುಂಚೆ ಬರಬಾರದಿತ್ತಾ ಅಕ್ಕಾ?”

ಒಗೆದ ಹೊದಿಕೆಗಳ ಬಕೆಟ್ಟು ಎತ್ತಿಕೊಂಡು ಮನೆಯ ಹಿತ್ತಲಿಗೆ ನಡೆದಳು. ನಾನು ಒಂದೊಂದೇ ಕ್ಲಿಪ್ಪು ಕೊಡುತ್ತಾ ಹೋದೆ. ಅವಳು ಹೊದಿಕೆಗಳನ್ನು ಝಾಡಿಸಿ ಝಾಡಿಸಿ ತಂತಿಯ ಮೇಲೆ ಹಾಕಿದಳು.